ಕಿರವತ್ತಿಯ ವಿಮಾನ ಪಂಡಿತ

ಕಲ್ಲಯ್ಯನವರು ಕಾಶಿಗೆ ವಿಮಾನದಲ್ಲಿ ಹೋಗಿ ಬಂದ ಮರುದಿನವೇ ಖಾಜಾ ಹುಸೇನನ ಕೈಗೆ ಸಿಕ್ಕರು. ಪಾಪ, ಅವರು ಬಂದದ್ದು ಗಂಗಾಜಲದ ಪುಟ್ಟ ತಂಬಿಗೆ ತೋರಿಸಿ, ಕೈಗೆ ನಾಲ್ಕು ಪೇಡೆ ಹಾಕಿ ಹೋಗಲಿಕ್ಕೆ. ಕಿರವತ್ತಿಯಲ್ಲಿ ಹೆದ್ದಾರಿಗೆ ಮುಖ ಮಾಡಿ ಕಲ್ಲಯ್ಯನವರ ಚಹಾದ ಹೋಟೆಲು, ಅದಕ್ಕೆ ಹೊಂದಿಕೊಂಡು ಖಾಜಾನ ಪಂಕ್ಚರ್ ಅಂಗಡಿ. ನಡುವೆ ಇರುವುದು ಒಂದು ತಗಡಿನ ಗೋಡೆ. ಇಪ್ಪತ್ತು ವರ್ಷದ ನೆರೆಹೊರೆ. ಅಷ್ಟಾದರೂ ಖಾಜಾ ಅವರನ್ನು ಕೂತುಕೊಳ್ಳಿ ಎನ್ನಲಿಲ್ಲ, ಕಾಶಿ ಹೇಗಿತ್ತು ಎಂದೂ ಕೇಳಲಿಲ್ಲ.

"ಯಾವ ವಿಮಾನದಾಗ ಹೋದ್ರಿ ಅಯ್ಯಾರ?"

"ಬಿಳೀದಿತ್ತು," ಎಂದರು ಕಲ್ಲಯ್ಯನವರು.

"ಬಿಳೀದು!" ಲಾರಿ ಟೈರಿನ ಮೇಲೆ ಕುಕ್ಕರಿಸಿದ್ದ ಖಾಜಾ ಎದ್ದು ನಿಂತ. "ಎಲ್ಲಾ ಬಿಳೀನ ಇರ್ತಾವ್ರಿ. ಏರ್‌ಬಸ್ ಇತ್ತೊ, ಬೋಯಿಂಗ್ ಇತ್ತೊ?"

"ಅದನ್ನ ಯಾರ್ ಕೇಳ್ಯಾರ? ಮಗ ಟಿಕೆಟ್ ತಗಸಿದ್ದ, ನಾ ಹೋಗಿ ಕುಂತೆ."

"ರೆಕ್ಕಿ ತುದಿ ಮ್ಯಾಲಕ್ಕ ಎದ್ದಿತ್ತೊ, ಸಪಾಟ ಇತ್ತೊ? ಅದನ್ನರ ನೋಡಿದ್ರಿಲ್ಲೊ?"

"ರೆಕ್ಕಿ ನೋಡೂದೆಲ್ಲಿ ಬಂತ್ರಿ ಖಾಜಾಸಾಬ್ರ. ಏರಿದಾಗಿಂದ ಇಳಿಯೂತನಕ ಕಣ್ ಮುಚ್ಚಿ ಪಂಚಾಕ್ಷರಿ ಅನ್ಕೋತ ಕುಂತಿದ್ನಿ."

ಖಾಜಾ ಪೇಡೆ ಬಾಯಿಗೆ ಹಾಕಿಕೊಂಡ, ಆದರೆ ಮುಖ ಬೇವು ತಿಂದಂತೆ ಮಾಡಿದ. ಮೂವತ್ತಾರು ಸಾವಿರ ಅಡಿ ಮೇಲೆ ಹೋಗಿ ಕಣ್ಣು ಮುಚ್ಚಿಕೊಂಡು ಬಂದ ಮನುಷ್ಯನಿಗೆ ಏನು ಹೇಳುವುದು? ಇಂಥವರಿಗೆಲ್ಲ ಟಿಕೆಟ್ ಕೊಡುತ್ತಾರಲ್ಲ, ಆ ವಿಮಾನದವರಿಗಾದರೂ ಬುದ್ಧಿ ಬೇಡವೇ? ಕಲ್ಲಯ್ಯನವರು ಆಚೆ ಹೋದ ಮೇಲೆ, ಟ್ಯೂಬು ತುಂಬಿಸಿಕೊಳ್ಳಲು ನಿಂತಿದ್ದ ಟ್ರ್ಯಾಕ್ಟರಿನವನಿಗೆ ಇದನ್ನೇ ಅರ್ಧ ಗಂಟೆ ಹೇಳಿದ. ಟ್ರ್ಯಾಕ್ಟರಿನವನು ಹೂಂಗುಟ್ಟಿದ. ಹೂಂಗುಟ್ಟದೆ ಹೋದರೆ ಹವಾ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಖಾಜಾನ ದೃಷ್ಟಿಯಲ್ಲಿ ಜಗತ್ತಿನಲ್ಲಿ ಎರಡೇ ಜಾತಿ. ವಿಮಾನ ಗೊತ್ತಿರುವವರು, ವಿಮಾನ ಹತ್ತುವವರು. ಮೊದಲನೆಯ ಜಾತಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿ ಇದ್ದವನು ತಾನೊಬ್ಬನೇ ಎಂದು ಅವನ ನಂಬಿಕೆ. ಎರಡನೆಯ ಜಾತಿ ದಿನದಿನಕ್ಕೂ ಹೆಚ್ಚುತ್ತಿತ್ತು. ಅಡಕೆ ವ್ಯಾಪಾರಿಗಳು, ಮದುವೆಯಾದ ವಾರಕ್ಕೆ ಗೋವಾದಿಂದ ಹಾರುವ ಜೋಡಿಗಳು, ಉಮ್ರಾಕ್ಕೆಂದು ಮಕ್ಕೆಗೆ ಹೋಗುವ ತನ್ನದೇ ನೆಂಟರು, ಎಲ್ಲರೂ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಒಬ್ಬರಿಗಾದರೂ ತಾವು ಕೂತದ್ದು ಯಾವುದರಲ್ಲಿ ಎಂಬ ಅರಿವಿಲ್ಲ. ಊಟ ಏನು ಕೊಟ್ಟರು, ಕಿವಿ ಎಷ್ಟು ನೋಯಿತು, ಮುಗಿಯಿತು ಅವರ ವಿಮಾನಯಾನ. ಅವರನ್ನು ನೆನೆದರೆ ಖಾಜಾನಿಗೆ ಮೈ ಉರಿಯುತ್ತಿತ್ತು.

ಅವನಿಗಾದರೋ ಎಲ್ಲ ಗೊತ್ತು. ಮೊದಮೊದಲು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡ ದುರ್ಬೀನು ಇತ್ತು, ಆಮೇಲೆ ಮೊಬೈಲು ಬಂತು. ಮೊಬೈಲಿನಲ್ಲಿ ಒಂದು ನಕ್ಷೆ, ನಕ್ಷೆಯ ತುಂಬ ಹಳದಿ ಬಣ್ಣದ ಪುಟ್ಟ ವಿಮಾನಗಳು. ಒಂದರ ಮೇಲೆ ಬೆರಳಿಟ್ಟರೆ ಅದರ ಕುಲಗೋತ್ರವೆಲ್ಲ ಹೊರಬೀಳುತ್ತದೆ: ಎಲ್ಲಿಂದ ಹೊರಟಿತು, ಎಲ್ಲಿಗೆ, ಯಾವ ಮಾದರಿ, ಎಷ್ಟು ವರ್ಷ ಹಳೆಯದು, ಬಾಲದ ನಂಬರು ಏನು. ಖಾಜಾ ಇದನ್ನೆಲ್ಲ ಎರಡು ನೂರು ಪುಟದ ವಹಿಗಳಲ್ಲಿ ಬರೆದಿಡುತ್ತಿದ್ದ. ಹದಿನಾಲ್ಕು ವಹಿಗಳಾಗಿದ್ದವು. ಅಂಕೋಲೆಯ ಕಡೆ ಇಳಿಯುವ ಲಾರಿಯನ್ನು ಜಾಕಿನ ಮೇಲೆ ಎತ್ತಿ, ಗಾಲಿ ಬಿಚ್ಚಿ, ಅಷ್ಟರಲ್ಲಿ ದುಬೈಯಿಂದ ಬೆಂಗಳೂರಿಗೆ ಹೋಗುವುದು ನೆತ್ತಿಯ ಮೇಲೆ ಬಂತೆಂದರೆ ಲಾರಿ ಹಾಗೆಯೇ ಮೂರು ಗಾಲಿಯ ಮೇಲೆ ನಿಂತಿರಬೇಕು. ಡ್ರೈವರ್ ಬಾಯಿ ಮಾಡಿದರೆ, "ಹತ್ತು ವರ್ಷ ಗಾಡಿ ಹೊಡದೀದಿ, ತಲಿ ಎತ್ತಿ ಒಮ್ಮೆರ ನೋಡೀದೇನ?" ಎಂದು ಅವನಿಗೇ ಬೈಗುಳ.

ಯಲ್ಲಾಪುರದ ಒಂದು ವಾರಪತ್ರಿಕೆ ಅವನ ಫೋಟೋ ಹಾಕಿ 'ಕಿರವತ್ತಿಯ ವಿಮಾನ ಪಂಡಿತ' ಎಂದು ಬರೆದು ಅವನನ್ನು ಪೂರಾ ಕೆಡಿಸಿತು. ಅಂದಿನಿಂದ ವಿಮಾನ ಹತ್ತುವ ಮೊದಲು ಜನ ಅವನ ಹತ್ತಿರ ಬಂದು ಕೇಳತೊಡಗಿದರು. ನಂದೊಳ್ಳಿಯಿಂದ ವೆಂಕಮ್ಮ ಎಂಬ ಎಪ್ಪತ್ತು ದಾಟಿದ ಅಜ್ಜಿಯನ್ನು ಕರೆದುಕೊಂಡು ಬಂದಿದ್ದರು, ಅವಳು ಮೊದಲ ಸಲ ಹಾರುವವಳು. ಚಂದಗುಳಿಯ ಗಣಪತಿಗೆ ಗಂಟೆ ಕಟ್ಟಿ ಹೊರಟಿದ್ದೇನೆ, ಇನ್ನೇನು ಮಾಡಬೇಕು ಹೇಳಪ್ಪ ಎಂದಳು ಅಜ್ಜಿ. ಖಾಜಾ ಒಂದು ತಾಸು ಉಪದೇಶ ಕೊಟ್ಟ. ಎಡಗಡೆಯ ಕಿಟಕಿ ಹಿಡಿಯಬೇಕು, ರೆಕ್ಕೆಯ ಹಿಂದೆ ಕೂರಬೇಕು, ಏರುವಾಗ ರೆಕ್ಕೆಯ ಹಿಂಭಾಗ ಹೇಗೆ ಚಾಚುತ್ತದೆ ನೋಡಬೇಕು. ಅಜ್ಜಿ ತಲೆಯಾಡಿಸಿ ಹೋದಳು. ಹೋಗಿ, ಮೊಮ್ಮಗನ ಪಕ್ಕ ನಡುವಿನ ಸೀಟಿನಲ್ಲಿ ಕೂತು, ನಿದ್ದೆ ಮಾಡಿ ಬಂದಳು. ಆ ಸುದ್ದಿ ತಿಳಿದು ಖಾಜಾ ಎರಡು ದಿನ ಕುದ್ದ.

ಇಷ್ಟೆಲ್ಲ ಉಪದೇಶ ಕೊಡುವ ಪಂಡಿತರು ಒಂದು ಸಲವೂ ವಿಮಾನ ಹತ್ತಿರಲಿಲ್ಲ.

ಯಾಕೆ ಎಂದು ಕಲ್ಲಯ್ಯನವರು ಒಮ್ಮೆ ಕೇಳಿದ್ದುಂಟು. ಉತ್ತರ ಸಿದ್ಧವಿತ್ತು. ಮೊದಲ ಸಲ ಹತ್ತಿದರೆ ನಾಲ್ಕು ಎಂಜಿನ್ನಿನದನ್ನೇ ಹತ್ತಬೇಕು, ಎರಡು ಎಂಜಿನ್ನಿನದರಲ್ಲಿ ಯಾರು ಬೇಕಾದರೂ ಹೋಗುತ್ತಾರೆ. ನಾಲ್ಕು ಎಂಜಿನ್ನಿನವನ್ನು ಒಂದೊಂದಾಗಿ ಎಲ್ಲೋ ಮರುಭೂಮಿಗೆ ಒಯ್ದು ನಿಲ್ಲಿಸುತ್ತಿದ್ದಾರೆ ಎಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಹೇಳುತ್ತಿದ್ದ.

ಮಗಳು ನುಜ್ಹತ್ ಯಲ್ಲಾಪುರದಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದ ವರ್ಷ, ಅಬ್ಬಾನ ಆಸೆ ತೀರಲಿ ಎಂದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್ ತೆಗೆಸಿದಳು. ಖಾಜಾ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಪಂಖದ್ದು!" ಎಂದ. ಪಂಖ ತಿರುಗುವ ವಿಮಾನ ಅವನ ಪ್ರಕಾರ ವಿಮಾನವೇ ಅಲ್ಲ. ಅದರಲ್ಲಿ ಹೋಗಿ ಬಂದರೆ ನಾಳೆ ಈ ಅಂಗಡಿಯಲ್ಲಿ ತಲೆ ಎತ್ತಿ ಕೂರುವುದು ಹೇಗೆ? ಮಗಳು ಅತ್ತಳು. ಹೋಗುವ ದಿನ ಖಾಜಾನಿಗೆ ಹೊಟ್ಟೆನೋವು ಬಂತು. ಹೊಟ್ಟೆನೋವು ವಿಮಾನ ಬಿಡುವ ಹೊತ್ತಿಗೆ ಸರಿಯಾಗಿ ವಾಸಿಯೂ ಆಯಿತು. ಹೆಂಡತಿ ಚಾಂದ್ ಬಿ ಅವತ್ತು ಗಂಡನ ಮುಖವನ್ನು ಒಮ್ಮೆ ನೋಡಿ ರೊಟ್ಟಿ ತಟ್ಟಲು ಕೂತಳು.

ಈ ಹುಚ್ಚು ಹಿಡಿಸಿದವನು ಅಣ್ಣ ಇಮಾಮ್ ಹುಸೇನ್. ತಾಯಿ ತಂದೆ ಬೇಗ ಹೋದರು. ಹನ್ನೊಂದು ವರ್ಷ ದೊಡ್ಡವನಾದ ಅಣ್ಣನೇ ಖಾಜಾನನ್ನು ಸಾಕಿದ. ಲಾರಿಯ ಕ್ಲೀನರನಾಗಿ ಬಾಂಬೆಗೆ ಹೋಗಿ ಬಂದಾಗಲೆಲ್ಲ ತಮ್ಮನಿಗೆ ಏನಾದರೂ ತರುತ್ತಿದ್ದ. ಒಮ್ಮೆ ವಿಮಾನದ ಚಿತ್ರವಿದ್ದ ಹಳೆಯ ಕ್ಯಾಲೆಂಡರ್ ತಂದ. ಇನ್ನೊಮ್ಮೆ ಆಕಾಶದಲ್ಲಿ ವಿಮಾನದ ಸದ್ದು ಕೇಳಿದ ಕೂಡಲೇ ಏಳು ವರ್ಷದ ತಮ್ಮನನ್ನು ಎತ್ತಿಕೊಂಡು ಲಾರಿಯ ಕ್ಯಾಬಿನ್ ಮೇಲೆ ಹತ್ತಿಬಿಟ್ಟ. "ಇಲ್ಲಿಂದ ಹತ್ರ ಕಾಣ್ತೈತಿ, ನೋಡಲೇ ಖಾಜಾ!" ಎಂದು ಕೂಗಿದ. ಖಾಜಾ ಎರಡೂ ಕೈಯಿಂದ ಅಣ್ಣನ ಕುತ್ತಿಗೆ ಅಪ್ಪಿ ಹಿಡಿದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ವಿಮಾನ ನೋಡಲೇ ಇಲ್ಲ. ನೋಡಿದೆ ಎಂದು ಹೇಳಿದ, ಎಷ್ಟು ದೊಡ್ಡದಿತ್ತು ಎಂದು ಶಾಲೆಯಲ್ಲೆಲ್ಲ ವರ್ಣಿಸಿದ. ಪಾಂಡಿತ್ಯ ಶುರುವಾದದ್ದು ಅಲ್ಲಿಂದ.

ಇಮಾಮ್ ಹುಸೇನ್ ಮುಂದೆ ಬಾಂಬೆಯಲ್ಲೇ ನಿಂತ. ಕುರ್ಲಾದಲ್ಲಿ ಗ್ಯಾರೇಜು, ಅದರ ಹತ್ತಿರವೇ ನಾಲ್ಕನೇ ಮಹಡಿಯ ಮನೆ, ಮೇಲೆ ತಾರಸಿ. ಇಳಿಯುವ ವಿಮಾನಗಳು ಆ ತಾರಸಿಯ ಮೇಲೇ ಹಾದು ಹೋಗುತ್ತವೆ, ಹೊಟ್ಟೆಯ ಕೆಳಗಿನ ಗಾಲಿಗಳು ಕೂಡ ಕಾಣುತ್ತವೆ. ಖಾಜಾ ಬಸ್ಸಿನಲ್ಲಿ ಎರಡು ಸಲ ಅಲ್ಲಿಗೆ ಹೋಗಿದ್ದ. ಎರಡು ಸಲವೂ ಅಣ್ಣನ ಜೊತೆ ನೆಟ್ಟಗೆ ನಾಲ್ಕು ಮಾತಾಡಲಿಲ್ಲ. ತಾರಸಿಯ ಗೋಡೆಯಿಂದ ದೂರ, ನಟ್ಟನಡುವೆ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ನಂಬರು ಬರೆದ. ಅಣ್ಣ ಹಿಂದೆ ಚಾಪೆಯ ಮೇಲೆ ಕೂತು ಊರಿನ ಸುದ್ದಿ ಕೇಳುತ್ತಿದ್ದ. ಇವನು, "ಸುಮ್ಕ ಇರ್ರಿ ಭಾಯಿ, ಬಂತು," ಎನ್ನುತ್ತಿದ್ದ.

ಆದರೂ ಅಣ್ಣನಿಗೆ ಬೇಸರವಿರಲಿಲ್ಲ. ತಮ್ಮನಿಗೆ ಇಷ್ಟವೆಂದು ತಾರಸಿಗೆ ಹತ್ತಿ, ಕಂಡ ವಿಮಾನದ ಸುದ್ದಿಯನ್ನು ಫೋನಿನಲ್ಲಿ ಹೇಳುತ್ತಿದ್ದ. "ಖಾಜಾ, ಈಗ ಒಂದು ಹೋತು ನೋಡು. ದೊಡ್ಡದಿತ್ತು. ಬಾಲ ಕೆಂಪಿತ್ತು."

"ಬಾಲ ಕೆಂಪಂದ್ರ ನಾ ಏನ್ ತಿಳೀಬೇಕ್ರಿ ಭಾಯಿ? ನಂಬರ ಓದ್ರಿ."

"ಕಣ್ಣಿಗೆ ಪರೆ ಬಂದೈತೊ. ನಂಬರ ಕಾಣಾಂಗಿಲ್ಲ."

"ಹಂಗಾರ ಫೋನ್ ಮಾಡಬ್ಯಾಡ್ರಿ. ಬಣ್ಣ ಹೇಳಾಕ ಇಲ್ಲಿ ಕಲ್ಲಯ್ಯ ಅದಾನ, ಸಾಕು."

ಒಡಹುಟ್ಟಿದವನಿಗೆ, ಸಾಕಿದವನಿಗೆ, ಹೀಗೆ ಹೇಳಿದ. ಅಣ್ಣ ನಕ್ಕು, "ಆತು ಬಿಡಪಾ. ಒಮ್ಮಿ ಹುಬ್ಬಳ್ಳಿ ವಿಮಾನದಾಗ ಬಾ. ನಾ ತಾರಸಿ ಮ್ಯಾಲ ನಿಂತು ಕೈ ಮಾಡ್ತೀನಿ," ಎಂದ. ಆಮೇಲೆ ಫೋನಿನಲ್ಲಿ ಅವನು ವಿಮಾನದ ಸುದ್ದಿ ಎತ್ತಲಿಲ್ಲ. ಆರೋಗ್ಯ, ಮಳೆ, ನುಜ್ಹತ್‌ಳ ಮದುವೆ, ಇಷ್ಟೇ ಮಾತು. ಖಾಜಾನಿಗೆ ಅದು ಹೊಳೆಯಲೂ ಇಲ್ಲ.

ಹೋದ ಮೇ ತಿಂಗಳಲ್ಲಿ, ಒಂದು ಬೆಳಿಗ್ಗೆ ಆರು ಗಂಟೆಗೆ, ಇಮಾಮ್ ಹುಸೇನನ ಮಗ ಸಲ್ಮಾನ್ ಕುರ್ಲಾದಿಂದ ಫೋನ್ ಮಾಡಿದ. ಫಜರ್ ನಮಾಜು ಮುಗಿಸಿ ಕೂತ ಅಬ್ಬಾ ಕೂತಲ್ಲೇ ಹೋದರು ಎಂದ.

ಖಾಜಾ ಫೋನ್ ಹಿಡಿದುಕೊಂಡೇ ಅಂಗಳದಲ್ಲಿ ಕೂತುಬಿಟ್ಟ. ಆ ಕಡೆಯಿಂದ ಸಲ್ಮಾನ್ ಅಳುತ್ತಲೇ ಹೇಳಿದ: "ಚಾಚಾ, ಬಿಸಿಲು ಬಹಳ ಐತಿ, ಹೆಚ್ಚು ಹೊತ್ತು ಇಡಾಕಾಗೂದಿಲ್ಲ. ಅಸರ್ ನಮಾಜಿನತನಕ ಕಾಯ್ತೀವಿ. ನೀವು ಬಂದು ಮಣ್ಣು ಕೊಡಬೇಕು. ಅಬ್ಬಾ ಯಾವಾಗ್ಲೂ ಹೇಳ್ತಿದ್ರು, ಮೊದಲನೇ ಮುಷ್ಟಿ ಖಾಜಾಂದು ಅಂತ."

ಅಸರ್ ಎಂದರೆ ಸಂಜೆ ಐದು. ಅಣ್ಣನ ಗೋರಿಗೆ ಮೂರು ಮುಷ್ಟಿ ಮಣ್ಣು ಹಾಕುವುದು, ಅಷ್ಟು ಬಿಟ್ಟು ಅವನ ಋಣಕ್ಕೆ ಖಾಜಾ ಮಾಡಬಹುದಾದದ್ದು ಇನ್ನೇನೂ ಉಳಿದಿರಲಿಲ್ಲ. ಅದನ್ನು ಗೋರಿ ಮುಚ್ಚುವ ಹೊತ್ತಿನಲ್ಲೇ ಮಾಡಬೇಕು, ನಾಳೆ ಬಂದು ಮಾಡುತ್ತೇನೆ ಎಂದರೆ ನಡೆಯುವುದಿಲ್ಲ.

ನುಜ್ಹತ್ ಆಗಲೇ ಮೊಬೈಲ್ ತೆಗೆದಿದ್ದಳು. "ಅಬ್ಬಾ, ಹುಬ್ಬಳ್ಳಿಯಿಂದ ಹನ್ನೊಂದೂವರಿಗೆ ಐತಿ. ಹನ್ನೆರಡು ಐವತ್ತಕ್ಕ ಬಾಂಬೆ. ಒಂಬತ್ತು ಸೀಟು ಖಾಲಿ ಅದಾವ. ಹೆಸರು ಹಾಕ್ಲೇನು?"

ಕಿರವತ್ತಿಯಿಂದ ಹುಬ್ಬಳ್ಳಿಯ ವಿಮಾನ ನಿಲ್ದಾಣ ಒಂದೂವರೆ ತಾಸಿನ ದಾರಿ. ಎಲ್ಲ ಸುಸೂತ್ರ ಇತ್ತು. ಪಂಖದ್ದೂ ಅಲ್ಲ, ಖಾಜಾ ದಿನವೂ ವಹಿಯಲ್ಲಿ ಬರೆದುಕೊಳ್ಳುವ ಒಳ್ಳೆಯ ಏರ್‌ಬಸ್ಸು. ಮಗಳು ಅವನ ಮುಖ ನೋಡುತ್ತ ನಿಂತಳು. ಚಾಂದ್ ಬಿಯೂ ನೋಡುತ್ತ ನಿಂತಳು. ಸುದ್ದಿ ಕೇಳಿ ಬಂದಿದ್ದ ಕಲ್ಲಯ್ಯನವರೂ ನೋಡುತ್ತಿದ್ದರು.

ಆಗ ಮಾತಾಡಿದವನು ಪಂಡಿತ.

"ಆ ವಿಮಾನ ನಂಬಾಕಾಗೂದಿಲ್ಲ. ದಿನಾ ನೋಡಾಂವ ನಾನು, ನನಗ ಗೊತ್ತಿಲ್ಲೇನು? ಈ ತಿಂಗಳಾಗ ಆರು ಸಲ ಲೇಟ್ ಆಗೇತಿ. ಬಾಂಬೆ ಮ್ಯಾಲ ಹೋಗಿ ಒಂದೊಂದು ತಾಸು ಸುತ್ತು ಹೊಡೀತಾವ. ಒಮ್ಮೊಮ್ಮಿ ಅಲ್ಲಿ ಇಳಿಸಾಂಗೇ ಇಲ್ಲ, ಬ್ಯಾರೆ ಊರಿಗೆ ಒಯ್ತಾರ. ಗಾಡಿ ಮಾಡ್ಕೊಂಡು ಈಗ ಬಿಟ್ರ ಐದಕ್ಕ ನಾವು ಕುರ್ಲಾದಾಗ ಇರ್ತೀವಿ. ರಸ್ತಾ ನಮ್ಮ ಕೈಯಾಗಿರ್ತೈತಿ."

ಆ ತಿಂಗಳಲ್ಲಿ ವಿಮಾನ ತಡವಾದದ್ದು ಎರಡೇ ಸಲ, ಅದೂ ಇಪ್ಪತ್ತು ನಿಮಿಷ. ಅವನ ಬಾಯಲ್ಲಿ ಎರಡು ಆರಾಯಿತು, ನಿಮಿಷ ತಾಸಾಯಿತು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಮಗಳು ಕೇಳುತ್ತಿರಲಿಲ್ಲ. ಹೇಳಿದವನು ಹದಿನಾಲ್ಕು ವಹಿ ಬರೆದ ಮನುಷ್ಯ. ಎಳೆಯಂದಿನಿಂದ ವಿಮಾನದ ವಿಷಯದಲ್ಲಿ ಅಬ್ಬಾ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಅವಳು ಮೊಬೈಲ್ ಇಳಿಸಿದಳು.

ಕಲ್ಲಯ್ಯನವರು ಮಾತ್ರ ಸುಮ್ಮನಿರಲಿಲ್ಲ. "ಖಾಜಾಸಾಬ್ರ, ವಿಮಾನದಾಗ ಹೋಗ್ರಿ. ಕಣ್ ಮುಚ್ಕೊಂಡು ಕುಂದರ್ರಿ, ಅಷ್ಟ. ನಾ ಹಂಗ ಹೋಗಿ ಬಂದೇನಿ."

"ನಿಮಗ ತಿಳಿಯೂದಿಲ್ಲ, ಸುಮ್ಕಿರ್ರಿ ಅಯ್ಯಾರ," ಎಂದ ಖಾಜಾ. ಅಣ್ಣ ಸತ್ತ ಬೆಳಿಗ್ಗೆಯೂ ಆ ಧ್ವನಿಯಲ್ಲಿನ ತಾತ್ಸಾರ ಹೋಗಿರಲಿಲ್ಲ. ಕಲ್ಲಯ್ಯನವರು ತಮ್ಮ ಕಾರಿನ ಚಾವಿ ತಂದುಕೊಟ್ಟು, ಓಡಿಸಲು ತಿಮ್ಮನನ್ನು ಕಳಿಸಿದರು.

ಏಳು ಗಂಟೆಗೆ ಹೊರಟರು. ತಿಮ್ಮ ಕಿರವತ್ತಿಯಲ್ಲೇ ಬಾಡಿಗೆ ಕಾರು ಓಡಿಸಿಕೊಂಡಿದ್ದವನು, ಕೈ ಚೊಕ್ಕ. ಧಾರವಾಡ ದಾಟಿತು, ಬೆಳಗಾವಿ ದಾಟಿತು. ಖಾಜಾ ಮುಂದಿನ ಸೀಟಿನಲ್ಲಿ ಕೂತು ಗಡಿಯಾರ ನೋಡುತ್ತ, ಸರಿಯಾಗಿದ್ದೇವೆ, ಸರಿಯಾಗಿದ್ದೇವೆ ಎಂದು ಹೇಳುತ್ತಲೇ ಇದ್ದ. ನಿಪ್ಪಾಣಿಯ ಹತ್ತಿರ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಒಂದು ಕಬ್ಬಿಣದ ಲೋಡಿನ ಟ್ರೇಲರ್ ಕೆಟ್ಟು ಅಡ್ಡ ನಿಂತಿದೆ ಎಂದು ಯಾರೋ ಹೇಳಿದರು. ಕಾರು ನಿಂತಿತು. ಅರ್ಧ ತಾಸು, ಮುಕ್ಕಾಲು ತಾಸು. ಬಿಸಿಲಿಗೆ ಎಲ್ಲರೂ ಇಳಿದು ರಸ್ತೆಯ ಬದಿಗೆ ನಿಂತರು.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಮೇಲೆ ಸದ್ದಾಯಿತು.

ಖಾಜಾ ತಲೆ ಎತ್ತಲಿಲ್ಲ. ಎತ್ತಬೇಕಾಗಿರಲಿಲ್ಲ. ಹನ್ನೊಂದೂವರೆಯಿಂದಲೂ ಅವನು ಮೊಬೈಲಿನ ನಕ್ಷೆ ತೆರೆದಿಟ್ಟುಕೊಂಡಿದ್ದ. ಹುಬ್ಬಳ್ಳಿಯಿಂದ ಹೊರಟ ಹಳದಿ ಚುಕ್ಕೆ ಒಂದು ನಿಮಿಷವೂ ತಡ ಮಾಡದೆ ಎದ್ದು, ಅವರು ಬಂದ ದಾರಿಯಲ್ಲೇ ಬಂದಿತ್ತು. ಬೆಳಗಿನಿಂದ ಐದು ತಾಸು ಒದ್ದಾಡಿ ಬಂದ ರಸ್ತೆಯನ್ನು ಅದು ಇಪ್ಪತ್ತು ನಿಮಿಷದಲ್ಲಿ ದಾಟಿ ನೆತ್ತಿಯ ಮೇಲಿತ್ತು. ಕೆಟ್ಟು ನಿಂತ ಟ್ರೇಲರಿನ ಮೇಲೆ ಹಾದು ಉತ್ತರಕ್ಕೆ ಸರಿಯಿತು. ಅದರಲ್ಲಿ ಒಂಬತ್ತು ಸೀಟು ಖಾಲಿ ಇದ್ದವು.

ನುಜ್ಹತ್ ತಲೆಯೆತ್ತಿ ನೋಡಿದಳು. "ಅಬ್ಬಾ, ಅದಾ ಅಲ್ಲ?"

"ಬಾಂಬೆ ಮ್ಯಾಲ ಸುತ್ತು ಹಾಕ್ತೈತಿ ನೋಡು," ಎಂದ ಖಾಜಾ.

ಆಗ ಚಾಂದ್ ಬಿ ಮಾತಾಡಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಗಂಡನಿಗೆ ಎಲ್ಲರ ಮುಂದೆ ಎದುರಾಡಿದವಳಲ್ಲ.

"ಸಾಕು ಮಾಡ್ರಿ. ನಿಮಗ ಹೆದರಿಕಿ ಐತಿ. ಮದುವಿ ಆದ ವರ್ಷ ಹಂಚು ಸರಿ ಮಾಡಾಕ ನಿಚ್ಚಣಿಕಿ ಏರಿ ಮೂರನೇ ಮೆಟ್ಟಲದಾಗ ಕಾಲು ನಡಗಿ ಇಳದ್ರಿ, ಅವತ್ತ ನನಗ ಗೊತ್ತಾತು. ಹೆದರಿಕಿ ಇದ್ರ ಏನಾತ್ರಿ, ನನಗೂ ಹಾವು ಕಂಡ್ರ ಹೆದರಿಕಿ. ಹೆದರಿಕಿ ಅಂತ ಬೆಳಿಗ್ಗೆ ಒಂದು ಮಾತು ಹೇಳಿದ್ರ ನಾ ಕೈ ಹಿಡಕೊಂಡು ಬಾಜೂಕ ಕುಂದರ್ತಿದ್ನಿ. ಅದನ್ನ ಬಿಟ್ಟು ವಿಮಾನಕ್ಕ ಹೆಸರು ಇಟ್ರಿ. ಕಣ್ ಮುಚ್ಚಿ ಕಾಶಿ ಮುಟ್ಟಿದ ಅಯ್ಯಾರಿಗೆ ನಕ್ರಿ. ಅವರು ಮುಟ್ಟಿದ್ರಪಾ. ನೀವು ಯಾವತ್ತ ಎಲ್ಲಿ ಮುಟ್ಟೀರಿ?"

ತಿಮ್ಮ ಕಾರಿನ ಟೈರು ನೋಡುವವನಂತೆ ಬಗ್ಗಿದ. ಖಾಜಾನ ಹೆಬ್ಬೆರಳು ಮೊಬೈಲಿನ ಮೇಲೆ ಆ ಹಳದಿ ಚುಕ್ಕೆಯ ಜೊತೆಗೇ ಸರಿಯುತ್ತಿತ್ತು. ಅದು ಬಾಂಬೆಯ ಮೇಲೆ ಒಂದು ಸುತ್ತಾದರೂ ಹಾಕಲಿ, ಒಂದೇ ಒಂದು ಸುತ್ತು ಹಾಕಲಿ ಎಂದು ಅವನು ದೇವರಲ್ಲಿ ಬೇಡಿಕೊಂಡ. ಅಣ್ಣನ ಮಯ್ಯತ್ತು ಮಣ್ಣಿಗೆ ಕಾಯುತ್ತಿರುವಾಗ ಈ ಮನುಷ್ಯ ಬೇಡಿಕೊಂಡದ್ದು ಇದನ್ನು. ಅದು ಸುತ್ತು ಹಾಕಲಿಲ್ಲ. ನೆಟ್ಟಗೆ ಹೋಗಿ ಇಳಿಯಿತು.

ಅವರು ಪುಣೆ ದಾಟುವಾಗ ಅಸರ್ ಆಯಿತು. ಸಲ್ಮಾನ್ ಫೋನ್ ಮಾಡಿ, ಮಗ್ರಿಬ್‌ವರೆಗೆ, ಹೊತ್ತು ಮುಳುಗುವವರೆಗೆ, ಕಾಯುತ್ತೇವೆ ಎಂದ. ಘಾಟಿನಲ್ಲಿ ಮತ್ತೆ ಗಾಡಿಗಳು ನಿಂತವು. ಮಗ್ರಿಬ್ ಆಯಿತು. ಇನ್ನು ಇಡುವುದು ಸರಿಯಲ್ಲ ಎಂದು ಹಿರಿಯರು ಹೇಳುತ್ತಿದ್ದಾರೆ ಚಾಚಾ, ಮಾಫ್ ಮಾಡಿ ಎಂದ ಸಲ್ಮಾನ್. ಮಾಫಿ ಕೇಳಬೇಕಾದವನು ಯಾರು, ಕೇಳಿದವನು ಯಾರು! ಅವರು ಕುರ್ಲಾ ಮುಟ್ಟಿದಾಗ ಖಬರಸ್ಥಾನದಿಂದ ಮರಳಿದ ಜನರ ಚಪ್ಪಲಿಗಳು ಬಾಗಿಲ ಮುಂದೆ ಬಿದ್ದಿದ್ದವು. ಅವುಗಳಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

ಎಲ್ಲರೂ ಒಳ್ಳೆಯ ಮಾತೇ ಆಡಿದರು. ರಸ್ತೆ ಹಾಗಿದೆ, ಯಾರೇನು ಮಾಡಲಿಕ್ಕಾಗುತ್ತದೆ ಎಂದರು. "ವಿಮಾನದ್ದು ಭರವಸೆ ಇಲ್ಲ ಅಂತ ಚಾಚಾಗ ಗೊತ್ತಿತ್ತು, ಅದಕ್ಕ ಕಾರಿನ್ಯಾಗ ಬಂದ್ರು," ಎಂದು ಸಲ್ಮಾನ್ ಬಂದವರಿಗೆಲ್ಲ ತಾನೇ ವಿವರಿಸುತ್ತಿದ್ದ. ಖಾಜಾ ತಲೆ ತಗ್ಗಿಸಿ ಕೇಳಿಸಿಕೊಂಡ, ಅಲ್ಲ ಎನ್ನಲಿಲ್ಲ.

ಮರುದಿನ ಗೋರಿಯ ಹತ್ತಿರ ಹೋಗಿ ಫಾತಿಹಾ ಓದಿ ಬಂದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಸಲ್ಮಾನ್ ಅವನನ್ನೂ ನುಜ್ಹತ್‌ಳನ್ನೂ ತಾರಸಿಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಪಕ್ಕ ಒಂದು ಕುರ್ಚಿ, ಕುರ್ಚಿಯ ಕೆಳಗೆ ತಗಡಿನ ಡಬ್ಬಿ. ಡಬ್ಬಿಯಿಂದ ಸಲ್ಮಾನ್ ಒಂದು ವಹಿ ತೆಗೆದ. ಖಾಜಾ ಬರೆಯುವಂಥದ್ದೇ ಎರಡು ನೂರು ಪುಟದ ವಹಿ.

"ಅಬ್ಬಾ ಮೂರು ವರ್ಷದಿಂದ ದಿನಾ ಮಧ್ಯಾಹ್ನ ಇಲ್ಲಿ ಬಂದು ಮೊಬೈಲ್ ಕಣ್ಣಿಗೆ ಹತ್ರ ಹಿಡಕೊಂಡು ಕುಂತು ಇದನ್ನ ಬರೀತಿದ್ರು. ನಾವು ಕೇಳಿದ್ರ ನಗ್ತಿದ್ರು. ಕನ್ನಡದಾಗ ಐತಿ ಚಾಚಾ, ನಮಗ ಯಾರಿಗೂ ಓದಾಕ ಬರೂದಿಲ್ಲ. ಏನ್ ಬರದಾರ ನೋಡ್ರಿ."

ಇಮಾಮ್ ಹುಸೇನ್ ಕಿರವತ್ತಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತವನು. ಅಕ್ಷರಗಳು ದಪ್ಪ ದಪ್ಪ, ಪರೆ ಬಂದ ಕಣ್ಣಿನವನು ತಡಕಾಡಿ ಬರೆದವು. ಖಾಜಾ ಮೊದಲ ಪುಟ ಓದಿದ. ಎರಡನೆಯದನ್ನು ತಿರುವಿದ. ವಹಿ ಮುಚ್ಚಿದ.

"ಏನಿಲ್ಲ. ವಿಮಾನದ ನಂಬರ ಬರದಾರ," ಎಂದ.

ನುಜ್ಹತ್ ಅಬ್ಬಾನ ಕೈಯಿಂದ ವಹಿ ತೆಗೆದುಕೊಂಡಳು. ಅವಳು ಕೇಳಿ ತೆಗೆದುಕೊಳ್ಳಲಿಲ್ಲ. ತೆರೆದು, ಸಲ್ಮಾನನಿಗೆ ತಿಳಿಯುವಂತೆ ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು. ತಾರೀಖು. ಹುಬ್ಬಳ್ಳಿದು ಬಂತು. ಟೈಮಿಗೆ ಬಂತು. ಮತ್ತೆ ತಾರೀಖು. ಹುಬ್ಬಳ್ಳಿದು ಬಂತು. ಟೈಮಿಗೆ ಬಂತು. ಕೈ ಮಾಡಿದೆ. ಪುಟ ತಿರುವಿದಳು. ಹುಬ್ಬಳ್ಳಿದು ಬಂತು. ಇಪ್ಪತ್ತು ನಿಮಿಷ ಲೇಟು. ಅದರಲ್ಲಿ ಖಾಜಾ ಇದ್ದರೆ ಫೋನ್ ಮಾಡುತ್ತಿದ್ದ. ಹುಬ್ಬಳ್ಳಿದು ಬಂತು. ಟೈಮಿಗೆ ಬಂತು. ಕೈ ಮಾಡಿದೆ.

ಸಾವಿರಾರು ವಿಮಾನ ಹಾದು ಹೋಗುವ ಆಕಾಶದಲ್ಲಿ ಆ ಮನುಷ್ಯ ಮೂರು ವರ್ಷ ಒಂದೇ ಒಂದನ್ನು ನೋಡಿದ್ದ. ತಮ್ಮನಿಗೆ ಬಣ್ಣ ಹೇಳಬಾರದೆಂದು ಯಾವುದರ ಬಣ್ಣವನ್ನೂ ಬರೆದಿರಲಿಲ್ಲ.

ಸಲ್ಮಾನ್ ಖಾಜಾನ ಕಡೆ ತಿರುಗಿದ. ನಿನ್ನೆಯಿಂದ ಬಂದವರಿಗೆಲ್ಲ ತಾನು ಹೇಳಿದ ಮಾತು ಅವನಿಗೆ ಆಗ ನೆನಪಾಗುತ್ತಿತ್ತು, ಅದು ಅವನ ಮುಖದ ಮೇಲೆ ಕಾಣುತ್ತಿತ್ತು. ಖಾಜಾನಿಗೆ ನಾಚಿಕೆಯಿಂದ ಕಿವಿ ಸುಟ್ಟಿತು. ಜೀವಮಾನದಲ್ಲಿ ಎಷ್ಟೋ ಜನರನ್ನು ಅವನು ಆ ದೃಷ್ಟಿಯಿಂದ ನೋಡಿದ್ದ, ತನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಕೊನೆಯ ಬರಹ ಮೊನ್ನೆಯದು. ಅದರ ಕೆಳಗೆ ಖಾಲಿ. ನುಜ್ಹತ್ ಡಬ್ಬಿಯಲ್ಲಿದ್ದ ಪೆನ್ನು ತೆಗೆದು ನಿನ್ನೆಯ ತಾರೀಖು ಬರೆದಳು. ಹುಬ್ಬಳ್ಳಿದು ಬಂತು ಎಂದು ದೊಡ್ಡಪ್ಪನ ಅಕ್ಷರದಷ್ಟೇ ದಪ್ಪ ಅಕ್ಷರದಲ್ಲಿ ಬರೆದಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ಅಬ್ಬಾ, ನಿನ್ನೆ ಎಷ್ಟಕ್ಕ ಇಳೀತು?"

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ವಿಮಾನದ ವಿಷಯದಲ್ಲಿ ಗೊತ್ತಿಲ್ಲ ಎಂದು ಖಾಜಾ ಹುಸೇನ್ ಯಾವತ್ತೂ ಹೇಳಿದವನಲ್ಲ.

"ಹನ್ನೆರಡು ನಲವತ್ತೇಳು," ಎಂದ. "ಮೂರು ನಿಮಿಷ ಮೊದಲ."

ನುಜ್ಹತ್ ಅದನ್ನು ಬರೆದುಕೊಂಡಳು.